ಮುಂಬಾಗಿಲು ತೆಗೆದರೆ ಕಾಂಪೌಂಡ್ ಗೋಡೆ ಕಾಣುವ ಪ್ಲಾನ್ ಕೊಟ್ಟಿದ್ದಾರೆ, ಏನು ಮಾಡಲಿ?

ತುಂಗಾದಡ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. 30x40 ಸೈಟು, ಪಶ್ಚಿಮಕ್ಕೆ ರಸ್ತೆ. ಎಂಜಿನಿಯರ್ ಕೊಟ್ಟ ಪ್ಲಾನಿನಲ್ಲಿ ಮುಂಭಾಗ ಪೂರ್ತಿ ಕಾರಿಗೆ ಹೋಗಿದೆ. ಬಾಗಿಲು ಉತ್ತರಕ್ಕೆ ಇದ್ದರೆ ಒಳ್ಳೆಯದು ಎಂದು ಅದನ್ನು ಪಕ್ಕಕ್ಕೆ ತಿರುಗಿಸಿದ್ದಾರೆ. ಅಂದರೆ ಬಂದವರು ಕಾರಿನ ಪಕ್ಕ ನುಸುಳಿಕೊಂಡು ಹೋಗಿ, ಮೂರು ಅಡಿ ಸಂದಿಯಲ್ಲಿ ನಿಂತು ಬೆಲ್ ಒತ್ತಬೇಕು. ನಾವು ಒಳಗಿನಿಂದ ಬಾಗಿಲು ತೆಗೆದರೆ ಎದುರಿಗೆ ಕಾಂಪೌಂಡ್ ಗೋಡೆ.

ಅಮ್ಮ ತೀರ್ಥಹಳ್ಳಿ ಕಡೆಯವರು. ಇಷ್ಟು ವರ್ಷ ಇದ್ದ ಮನೆಯಲ್ಲಿ ಜಗಲಿ ಇಳಿದರೆ ಅಂಗಳ, ತುಳಸಿಕಟ್ಟೆ, ಅದರಾಚೆ ತೋಟಕ್ಕೆ ಇಳಿಯುವ ದಾರಿ. ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲೇ ಒಣಗುತ್ತಿತ್ತು. ದನ ನುಗ್ಗಿದರೂ, ಮೋಡ ಕವಿದರೂ ಮೊದಲು ಗೊತ್ತಾಗುತ್ತಿದ್ದುದು ಬಾಗಿಲಲ್ಲಿ ಕೂತವರಿಗೆ. ಈಗ ಅವರು ನಮ್ಮ ಜೊತೆ ಇರಲು ಬರುತ್ತಿದ್ದಾರೆ. ಮಂಡಿ ನೋವಿದೆ, ಹೊರಗೆ ಓಡಾಟ ಕಡಿಮೆ. ಪ್ಲಾನ್ ತೋರಿಸಿದಾಗ ಅಡುಗೆ ಮನೆ, ರೂಮು ಯಾವುದರ ಬಗ್ಗೆಯೂ ಮಾತಾಡಲಿಲ್ಲ. "ಬಾಗಿಲಲ್ಲಿ ಕೂತ್ರೆ ನಂಗೆ ಯಾರು ಕಾಣ್ತಾರೆ?" ಅಂತ ಕೇಳಿದರು. ಎಂಜಿನಿಯರ್ ಬಳಿ ಉತ್ತರ ಇರಲಿಲ್ಲ.

ಇಷ್ಟು ಚಿಕ್ಕ ಸೈಟಿನಲ್ಲಿ ಕಾರೂ ನಿಂತು, ಬಾಗಿಲೂ ರಸ್ತೆಗೆ ಮುಖ ಮಾಡಿ, ಕೂರಲು ಒಂದು ಜಗಲಿಯೂ ಸಿಗುವ ಹಾಗೆ ಯಾರಾದರೂ ಮಾಡಿಸಿದ್ದೀರಾ? ಪಶ್ಚಿಮದ ಬಿಸಿಲು, ಮಳೆ ಎರಡೂ ಜಾಸ್ತಿ ಅಂತ ಹೆದರಿಸುತ್ತಿದ್ದಾರೆ. ದಯವಿಟ್ಟು ಅನುಭವ ಹೇಳಿ.

ಪ್ಲಿಂತ್ ಬೀಮ್:
ಸರ್, ಇದು ಈಗ ಎಲ್ಲ ಊರಲ್ಲೂ ಮಾಮೂಲಿ ಪ್ಲಾನ್ ಆಗಿಬಿಟ್ಟಿದೆ. ಮೊದಲು ಕಾರಿಗೆ ಜಾಗ ಗುರುತು ಮಾಡುತ್ತಾರೆ, ಬಾಗಿಲಿಗೆ ಮಿಕ್ಕಿದ್ದು. ನೀವು ಉಲ್ಟಾ ಶುರು ಮಾಡಿ.

30 ಅಡಿ ಅಗಲದಲ್ಲಿ ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ 24 ಅಡಿ ಉಳಿಯಿತು. (ಎಷ್ಟು ಬಿಡಬೇಕು ಅನ್ನುವುದನ್ನು ನಿಮ್ಮ ಊರಿನ ಬೈಲಾದಲ್ಲಿ ನೋಡಿಕೊಳ್ಳಿ, ಊರಿಂದೂರಿಗೆ ಬೇರೆ ಇರುತ್ತದೆ.) ಸಾಧಾರಣ ಕಾರಿಗೆ 10 ಅಡಿ ಅಗಲ, 16 ಅಡಿ ಉದ್ದ ಸಾಕು. ಅದನ್ನು ದಕ್ಷಿಣದ ಮೂಲೆಗೆ ತಳ್ಳಿ. ಉಳಿದ 14 ಅಡಿ ಅಗಲದಲ್ಲಿ 5 ಅಡಿ ಆಳದ ಜಗಲಿ, ಅದರ ಹಿಂದೆ ರಸ್ತೆ ನೋಡುವ ಬಾಗಿಲು. ಇದಕ್ಕೆ ಹೋಗುವುದು 70 ಚದರ ಅಡಿ. ಹಾಲ್ ಅಷ್ಟು ಚಿಕ್ಕದಾಗುತ್ತದೆ ನಿಜ. ಆದರೆ ನಮ್ಮ ಹಾಲುಗಳಲ್ಲಿ ಸೋಫಾ ಮತ್ತು ಟಿ.ವಿ. ನಡುವೆ ಸುಮ್ನೆ ಬಿದ್ದಿರುವ ಜಾಗವೇ ಅಷ್ಟಿರುತ್ತದೆ.

ಬಿಸಿಲಿನ ವಿಷಯ. ಪಶ್ಚಿಮದ ಬಿಸಿಲು ಸಂಜೆ ಹೊತ್ತು ತೀರಾ ಓರೆಯಾಗಿ ಬರುತ್ತದೆ. ಸಜ್ಜಾ ಎಷ್ಟು ಮುಂದಕ್ಕೆ ತಂದರೂ ನಾಲ್ಕು ಗಂಟೆಯ ಮೇಲೆ ಅದು ತಡೆಯುವುದಿಲ್ಲ. ಅದಕ್ಕೆ ಮರವೇ ಬೇಕು. ಗೇಟಿನ ಹತ್ತಿರ ಒಂದು ಹೊಂಗೆ ಹಾಕಿ. ಬೇಸಿಗೆ ಶುರುವಾಗುವಾಗ ಎಲೆ ಉದುರಿಸಿದರೂ ಏಪ್ರಿಲ್ ಬಿಸಿಲಿನ ಹೊತ್ತಿಗೆ ಮೈತುಂಬ ಚಿಗುರಿರುತ್ತದೆ. ಮರ ಬೆಳೆಯುವ ತನಕ ಬಿದಿರಿನ ಚಿಕ್ ಪರದೆ ಇಳಿಬಿಡಿ.

ಇನ್ನೊಂದು ಮಾತು. ದಿಕ್ಕಿನ ಕಾರಣಕ್ಕೆ ಜನ ಬಾಗಿಲನ್ನು ಗೋಡೆಗೆ ತಿರುಗಿಸುವುದು ನೋಡಿದರೆ ಬೇಜಾರಾಗುತ್ತದೆ. ದಕ್ಷಿಣದ ಬಾಗಿಲು ಅಂದರಂತೂ ಸೈಟೇ ಬೇಡ ಅನ್ನುತ್ತಾರೆ. ಬಿಸಿಲಿನ ಲೆಕ್ಕದಲ್ಲಿ ನೋಡಿದರೆ ನಮ್ಮ ರಾಜ್ಯದಲ್ಲಿ ಉತ್ತರ, ದಕ್ಷಿಣ ಎರಡಕ್ಕೂ ನೆರಳು ಮಾಡುವುದು ಸುಲಭ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಬಾಗಿಲಿಗೆ ಆಗ ಎರಡು ಅಡಿ ಸಜ್ಜಾ ಇದ್ದರೆ ಸಾಕು. ನಂಬಿಕೆ ಇದ್ದವರು ಇಟ್ಟುಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಬಾಗಿಲು ತೆಗೆದಾಗ ಏನು ಕಾಣುತ್ತದೆ ಅನ್ನುವುದಕ್ಕೂ ಅಷ್ಟೇ ತೂಕ ಕೊಡಿ.

ಏಳನೇ ಮಹಡಿ:
ನಿಮಗೆ ಆಯ್ಕೆಯಾದರೂ ಇದೆ. ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ಬಾಗಿಲು ತೆಗೆದರೆ ಎದುರು ಮನೆಯ ಬಾಗಿಲು, ಎಡಕ್ಕೆ ಲಿಫ್ಟು, ಮೇಲೆ ಹಗಲೂ ಉರಿಯುವ ಟ್ಯೂಬ್‌ಲೈಟು. ಮಳೆ ಬರುತ್ತಿದೆಯಾ ಅಂತ ನೋಡಬೇಕಾದರೆ ಮನೆ ದಾಟಿ ಬಾಲ್ಕನಿಗೆ ಹೋಗಬೇಕು.

ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್, ಸೈಕಲ್, ಒಣಗಿದ ಗಿಡಗಳ ಕುಂಡ ಇಡುವ ಜಗಳ ನಮ್ಮಲ್ಲೂ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಕಾರಿಡಾರು, ಮೆಟ್ಟಿಲು, ಲಾಬಿ ಎಲ್ಲ ಎಲ್ಲರಿಗೂ ಸೇರಿದ ಜಾಗ. ಬೆಂಕಿ ಬಿದ್ದರೆ ಓಡುವ ದಾರಿಯೂ ಅದೇ. ಹಾಗಾಗಿ ಅಲ್ಲಿ ಸಾಮಾನು ಇಡಬಾರದು ಅನ್ನುವವರ ಪರ ನಾನು. ಆದರೂ ಹೊಸ್ತಿಲಾಚೆ ನಮ್ಮದು ಅಂತ ಒಂದು ಗೇಣು ಜಾಗ ಇಲ್ಲದ ಮನೆ ಇದು ಅನ್ನಿಸುತ್ತದೆ.

ನಾವು ಮಾಡಿದ್ದು ಒಂದೇ. ಹೊರಗೆ ಸೊಳ್ಳೆ ಜಾಲರಿಯ ಬಾಗಿಲು ಹಾಕಿಸಿ, ಸಂಜೆ ಹೊತ್ತು ಮರದ ಬಾಗಿಲು ತೆರೆದಿಡಲು ಶುರು ಮಾಡಿದೆವು. ಸ್ವಲ್ಪ ದಿನಕ್ಕೆ ಎದುರು ಮನೆಯ ಅಂಕಲ್ ಕೂಡ ತೆರೆದಿಟ್ಟರು. ಈಗ ಅವರ ಮನೆಯ ಒಗ್ಗರಣೆ ವಾಸನೆ ನಮಗೆ, ನಮ್ಮ ಮಗುವಿನ ಮಗ್ಗಿ ಅವರಿಗೆ. ಸರ್, ಜಗಲಿ ಬಿಡಬೇಡಿ.

ಸೋಣೆಹೂ:
ಅಮ್ಮ ಕೇಳಿದ ಪ್ರಶ್ನೆ ಓದಿ ಕಣ್ಣು ತುಂಬಿತು.

ನಮ್ಮದು ಕುಂದಾಪುರ ಕಡೆ. ಸೋಣೆ ತಿಂಗಳಲ್ಲಿ, ಅಂದರೆ ಸಿಂಹ ಸಂಕ್ರಮಣದಿಂದ ಕನ್ಯಾ ಸಂಕ್ರಮಣದ ತನಕ, ದಿನಾ ಹೊಸ್ತಿಲ ಪೂಜೆ ಇರುತ್ತದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು, ಶೇಡಿ ಮಣ್ಣಿನಲ್ಲಿ ಬಿಳಿ ಗೆರೆ ಎಳೆದು, ಸೋಣೆ ಹೂವು ಇಡುತ್ತೇವೆ. ಮಳೆಗಾಲದ ಆ ದಿನಗಳಲ್ಲಿ ಬೇಲಿ ತುಂಬ ಆ ಹೂವು ಇರುತ್ತದೆ. ನವರಾತ್ರಿ ಹೊತ್ತಿಗೆ ಗದ್ದೆಯಿಂದ ಹೊಸ ಕದಿರು ತಂದು, ಮಾವಿನೆಲೆ, ಹಲಸಿನೆಲೆ ಸೇರಿಸಿ ಬಾಗಿಲಿಗೆ ಕಟ್ಟುತ್ತೇವೆ. ಮುಂದಿನ ವರ್ಷದ ಕದಿರು ಬರುವ ತನಕ ಅದು ಅಲ್ಲೇ ಒಣಗಿಕೊಂಡು ಇರುತ್ತದೆ. ಗುಬ್ಬಿಗಳು ಬಂದು ಕಾಳು ಹೆಕ್ಕಿಕೊಂಡು ಹೋಗುವುದೂ ಉಂಟು.

ಇದನ್ನು ಯಾಕೆ ಬರೆದೆ ಅಂದರೆ, ಹೊಸ ಮನೆಗಳಲ್ಲಿ ಇದು ಯಾವುದಕ್ಕೂ ಜಾಗ ಇಟ್ಟಿರುವುದಿಲ್ಲ. ತಂಗಿಯ ಮನೆಯಲ್ಲಿ ಪಾಲಿಶ್ ಮಾಡಿದ ದುಬಾರಿ ತೇಗದ ಬಾಗಿಲು. ಮೊಳೆ ಹೊಡೆಯಬಾರದು ಅಂತ ಕದಿರನ್ನು ಟೇಪಿನಲ್ಲಿ ಅಂಟಿಸಿದರು. ಮರುದಿನ ಬೆಳಿಗ್ಗೆ ನೆಲದಲ್ಲಿತ್ತು. ಹೊಸ್ತಿಲೇ ಇಲ್ಲ, ಒಳಗಿನ ಟೈಲ್ಸ್ ಹಾಗೇ ಹೊರಗೆ ಹರಿದಿದೆ. ಶೇಡಿ ಗೆರೆ ಎಳೆಯುವುದು ಎಲ್ಲಿ?

ಹಾಗಾಗಿ ಆಚಾರಿಯವರಿಗೆ ಈಗಲೇ ಹೇಳಿ. ಬಾಗಿಲ ಚೌಕಟ್ಟಿನ ಮೇಲುಪಟ್ಟಿಗೆ ಎರಡು ತುದಿಯಲ್ಲಿ, ನಡುವೆ ಒಂದು, ಹಿತ್ತಾಳೆಯ ಕೊಕ್ಕೆ ಕೂರಿಸಲಿ. ತೋರಣಕ್ಕೂ ಆಯಿತು, ಕದಿರಿಗೂ ಆಯಿತು. ಹೊಸ್ತಿಲು ಮರದ್ದೇ ಇರಲಿ. ಮತ್ತೆ ಹೊರಗಿನ ನೆಲಕ್ಕೆ ಹೊಳೆಯುವ ಗ್ರಾನೈಟ್ ಖಂಡಿತ ಬೇಡ. ಮಳೆ ನೀರು ಬಿದ್ದರೆ ಜಾರುತ್ತದೆ, ಅಮ್ಮನಿಗೆ ಮಂಡಿ ನೋವು ಬೇರೆ. ರಂಗೋಲಿ ಪುಡಿಯೂ ಅದರ ಮೇಲೆ ನಿಲ್ಲುವುದಿಲ್ಲ, ಗಾಳಿಗೆ ಹಾರುತ್ತದೆ. ಒರಟು ಕಲ್ಲು ಹಾಕಿಸಿ.

ಗದಗಿನ ಕಟ್ಟಿ:
ನಮ್ಮ ಕಡೆ ಜಗಲಿ ಅನ್ನುವುದಿಲ್ಲ, ಕಟ್ಟಿ ಅನ್ನುತ್ತೇವೆ. ತಲಬಾಗಿಲ ಎರಡೂ ಮಗ್ಗಲು ಕಲ್ಲಿನ ಕಟ್ಟಿ. ಊರಿನ ಅರ್ಧ ಕೆಲಸ ಅದರ ಮೇಲೇ ನಡೆಯುತ್ತಿತ್ತು.

ಬ್ಯಾಸಿಗಿಯಲ್ಲಿ ನಮ್ಮವ್ವ, ಮಗ್ಗಲ ಮನಿಯವರು ಕೂಡಿ ಶಾವಿಗಿ ಹೊಸೆಯುತ್ತಿದ್ದರು. ಶಾವಿಗಿ ಮಣಿಯ ಒಂದು ತುದಿ ಕಟ್ಟಿಯ ಮೇಲೆ, ಇನ್ನೊಂದು ತುದಿ ಕೆಳಗೆ. ಮೇಲೆ ಕೂತವರು ಹಿಟ್ಟು ಹೊಸೆದು ಎಳೆ ಬಿಟ್ಟರೆ, ಕೆಳಗಿನವರು ಹಿಡಿದು ಕೋಲಿಗೆ ಹಾಕುತ್ತಿದ್ದರು. ಕಟ್ಟಿ ಎತ್ತರ ಇಲ್ಲದಿದ್ದರೆ ಆ ಕೆಲಸವೇ ಆಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ತುಂಬು ಬಿಡಿಸುವುದು, ಜ್ವಾಳ ಹಸನು ಮಾಡುವುದು, ಕೌದಿ ಹೊಲಿಯುವುದು ಎಲ್ಲ ಅಲ್ಲೇ. ಗಣಪತಿ ಹಬ್ಬ ಆದ ಮೇಲೆ ಭಾದ್ರಪದದಲ್ಲಿ ಜೋಕುಮಾರ ಬರುತ್ತಾನೆ. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತುಕೊಂಡು ಮನಿ ಮನಿಗೆ ಬಂದು, ಬುಟ್ಟಿಯನ್ನು ಕಟ್ಟಿಯ ಮೇಲೆ ಇಳಿಸಿ, ಸುತ್ತ ಕೂತು ಹಾಡುತ್ತಾರೆ. ನಾವು ಮೊರದಲ್ಲಿ ಜ್ವಾಳ ಕೊಟ್ಟರೆ ಅವರು ಬೇವಿನ ತಪ್ಪಲು ಕೊಡುತ್ತಾರೆ. ಈಗ ಬಂದರೆ ಆ ಬುಟ್ಟಿ ಇಳಿಸಲು ಜಾಗ ಇಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಎರಡು ಸಾಲು ಹಾಡಿ ಮುಂದೆ ಹೋಗುತ್ತಾರೆ.

ಕಟ್ಟಿ ಎಲ್ಲಿ ಹೋಯಿತು ಅಂದರೆ ರಸ್ತೆಯೇ ಅದನ್ನು ನುಂಗಿತು. ಮೊದಲು ರಸ್ತೆ ಅಗಲ ಮಾಡಲು ಮುಂದಿನ ಅರ್ಧ ಒಡೆದರು. ಆಮೇಲೆ ಡಾಂಬರು ಹಾಕಿದರು. ನಾಲ್ಕು ವರ್ಷಕ್ಕೆ ಅದರ ಮೇಲೇ ಮತ್ತೊಂದು ಪದರು. ಆಮೇಲೆ ಕಾಂಕ್ರೀಟು. ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಬೇಕು, ಯಾರೂ ಕೆರೆಯುವುದಿಲ್ಲ. ಮೊದಲು ಮೂರು ಮೆಟ್ಟಿಲು ಹತ್ತಿ ಮನಿ ಒಳಗೆ ಹೋಗುತ್ತಿದ್ದೆವು. ಈಗ ರಸ್ತೆಯಿಂದ ಒಂದು ಮೆಟ್ಟಿಲು ಇಳಿದು ಹೋಗಬೇಕು. ದೊಡ್ಡ ಮಳಿ ಬಂದರೆ ಗಟಾರದ ನೀರು ತಲಬಾಗಿಲಿನಿಂದಲೇ ಪಡಸಾಲಿಗೆ ಬರುತ್ತದೆ. ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದ ಜಾಗದಲ್ಲಿ ಮರಳಿನ ಚೀಲ ಇಟ್ಟು ರಾತ್ರಿ ಕಾಯುವುದು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ.

ತುಂಗಾದಡ ಅವರೇ, ಅದಕ್ಕೇ ಹೇಳುವುದು. ಇವತ್ತಿನ ರಸ್ತೆ ನೋಡಿ ಪಾಯ ಎತ್ತರ ನಿರ್ಧಾರ ಮಾಡಬೇಡಿ. ಇಪ್ಪತ್ತು ವರ್ಷದ ನಂತರದ ರಸ್ತೆ ನೆನೆಸಿಕೊಂಡು ಮಾಡಿ.

ಪ್ಲಿಂತ್ ಬೀಮ್:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಸುತ್ತಲ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರ ಇರಬೇಕು ಅನ್ನುತ್ತದೆ. ಅದು ಕನಿಷ್ಠ ಅಷ್ಟೇ. ನಿಮ್ಮ ಬೀದಿಯಲ್ಲಿ ಕೊನೆಯ ಪದರ ಯಾವಾಗ ಹಾಕಿದ್ದು, ಹಳೆ ಮನೆಗಳ ಮೆಟ್ಟಿಲು ಎಷ್ಟು ಮುಳುಗಿದೆ ಅಂತ ಒಮ್ಮೆ ನಡೆದು ನೋಡಿ. ನಾನಾದರೆ ಎರಡು ಅಡಿ ಇಡುತ್ತೇನೆ.

ಶಿಫ್ಟ್ ಡ್ಯೂಟಿ:
ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಮತ್ತು ಮಗಳು ಇಬ್ಬರೇ ಇರುವುದು. ನನಗೆ ವಾರ ಬಿಟ್ಟು ವಾರ ರಾತ್ರಿ ಪಾಳಿ. ರಸ್ತೆಗೆ ನೇರ ತೆರೆಯುವ ಬಾಗಿಲು ನನಗೆ ಬೇಡವೇ ಬೇಡ. ಬಾಗಿಲು ತೆಗೆದ ತಕ್ಷಣ ಹಾಲ್, ಟಿ.ವಿ., ಮಗಳು ಓದುತ್ತಾ ಕೂತಿರುವುದು ಎಲ್ಲ ದಾರಿಹೋಕರಿಗೆ ಕಾಣಬೇಕಾ? ಹಿಂದಿನ ಬಾಡಿಗೆ ಮನೆಯಲ್ಲಿ ಜಗಲಿ ಇತ್ತು. ಗೊತ್ತಿಲ್ಲದವರು ಬಂದು ಸಿಗರೇಟು ಸೇದುತ್ತಾ ಕೂರುತ್ತಿದ್ದರು. ಎದ್ದೇಳಿ ಅಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಈಗ ಪಕ್ಕದ ಬಾಗಿಲಿನ ಮನೆಯಲ್ಲಿ ನೆಮ್ಮದಿಯಾಗಿದ್ದೇನೆ. ಹಗಲು ಹೊತ್ತು ನಿದ್ದೆ ಮಾಡುವವರಿಗೆ ಅದೇ ಸರಿ.

ಗದಗಿನ ಕಟ್ಟಿ:
ಅಕ್ಕಾರ, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ನಮ್ಮ ಓಣಿಯಲ್ಲಿ ಕಟ್ಟಿ ಮೇಲೆ ನಾಲ್ಕು ಮಂದಿ ಹಿರಿಯರು ಕೂತಿದ್ದಾಗ ಹೊಸಬ ಯಾರೇ ಬಂದರೂ "ಯಾರ ಮನಿಗೆ ಹೊಂಟೀರಿ?" ಅಂತ ಕೇಳುತ್ತಿದ್ದರು. ಎಲ್ಲರೂ ಬಾಗಿಲು ಹಿಂದಕ್ಕೆ ತಿರುಗಿಸಿದರೆ ಓಣಿ ನೋಡುವವರು ಯಾರೂ ಇರುವುದಿಲ್ಲ.

ಶಿಫ್ಟ್ ಡ್ಯೂಟಿ:
ನಿಜ ಸರ್. ಆದರೆ ಆ ಹಿರಿಯರು ಕೂರುವ ಓಣಿ ಬೇಕಲ್ಲ ಮೊದಲು. ನಮ್ಮ ಬಡಾವಣೆಯಲ್ಲಿ ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಖಾಲಿ ಜಗಲಿ ಯಾರನ್ನೂ ಕಾಯುವುದಿಲ್ಲ. ತುಂಗಾದಡ ಅವರ ಅಮ್ಮ ದಿನಾ ಮನೆಯಲ್ಲೇ ಇರುತ್ತಾರೆ, ಅವರಿಗೆ ಸರಿಹೋಗಬಹುದು.

ಪ್ಲಿಂತ್ ಬೀಮ್:
ಮೇಡಂ, ನಿಮ್ಮ ತೊಂದರೆಗೆ ಪ್ಲಾನಿನಲ್ಲೇ ದಾರಿ ಇದೆ. ಗೇಟನ್ನು ಬಾಗಿಲಿಗೆ ನೇರ ಇಡಬಾರದು, ನಾಲ್ಕೈದು ಅಡಿ ಪಕ್ಕಕ್ಕೆ ಸರಿಸಬೇಕು. ಆಗ ರಸ್ತೆಯಲ್ಲಿ ಹೋಗುವವರಿಗೆ ಒಳಗಿನ ಹಾಲ್ ಕಾಣುವುದಿಲ್ಲ, ಜಗಲಿಯಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಕಾಂಪೌಂಡ್ ಮೂರೂವರೆ ಅಡಿ ಗೋಡೆ, ಅದರ ಮೇಲೆ ಗ್ರಿಲ್. ಜಗಲಿ ಗೇಟಿನ ಒಳಗಿದ್ದರೆ ಬೇರೆಯವರು ಬಂದು ಕೂರುವ ಮಾತೇ ಇಲ್ಲ. ಈಗ ಬಹಳ ಕಡೆ ಏಳು ಅಡಿ ಗೋಡೆ ಎಬ್ಬಿಸುತ್ತಾರೆ. ಕಳ್ಳ ಒಮ್ಮೆ ಹಾರಿ ಒಳಗೆ ಬಂದರೆ ಆ ಗೋಡೆಯೇ ಅವನಿಗೆ ಮರೆ.

ಅಂಗಳದಂಚು:
ಎಲ್ಲರೂ ಜಗಲಿಯನ್ನು ಪ್ರೀತಿಯಿಂದ ನೆನೆಸಿಕೊಳ್ಳುತ್ತಿದ್ದೀರಿ. ಒಂದು ಮಾತು ಸೇರಿಸದೆ ಇರಲಾರೆ.

ನಮ್ಮ ತಾತ ಊರಿನ ಯಾವ ದೊಡ್ಡ ಮನೆಯ ಜಗಲಿಯನ್ನೂ ಹತ್ತಿದವರಲ್ಲ. ಕೂಲಿ ಕೇಳಲು ಹೋದರೆ ಅಂಗಳದ ಅಂಚಿನಲ್ಲಿ ನಿಲ್ಲಬೇಕಿತ್ತು. ಕಾಫಿ ಕೊಟ್ಟರೆ ಬೇರೆ ಲೋಟ. ಅದನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿದ್ದರು, ಕುಡಿದು ತೊಳೆದು ಅಲ್ಲೇ ಇಟ್ಟು ಬರಬೇಕು. 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ತಾತನ ಕಾಲು ಆ ಮೆಟ್ಟಿಲು ಹತ್ತಲು ಅದಾದ ಮೇಲೂ ಆಗಲಿಲ್ಲ. ನೀವು ಜಗಲಿಯಲ್ಲಿ ಕೂತು ನೋಡಿದ ಅಂಗಳದಲ್ಲಿ ನಮ್ಮವರು ನಿಂತಿದ್ದರು. ಅಲ್ಲಿಂದ ಕಾಣುತ್ತಿದ್ದುದು ಬೇರೆ.

ಹೆಂಗಸರದೂ ಅಷ್ಟೇ ಅಲ್ವಾ? ಗಂಡಸರು ಬಂದು ಕೂತರೆ ಎಷ್ಟೋ ಮನೆಗಳಲ್ಲಿ ಹೆಂಗಸರು ಎದ್ದು ಒಳಗೆ ಹೋಗಬೇಕಿತ್ತು, ಬಾಗಿಲ ಸಂದಿಯಿಂದ ಮಾತು ಕೇಳಿಸಿಕೊಳ್ಳಬೇಕಿತ್ತು.

ನಾನು ಮನೆ ಕಟ್ಟಿಸಿದಾಗ ಜಗಲಿ ಮಾಡಿಸಿದ್ದೇನೆ. ದೊಡ್ಡದಾಗಿಯೇ ಮಾಡಿಸಿದ್ದೇನೆ. ಗ್ಯಾಸ್ ಸಿಲಿಂಡರ್ ತರುವ ಹುಡುಗ, ಕಸ ತೆಗೆದುಕೊಂಡು ಹೋಗುವ ಅಕ್ಕ, ಮೀಟರ್ ನೋಡುವವರು ಯಾರು ಬಂದರೂ "ಕೂತ್ಕೊಳ್ಳಿ, ನೀರು ಕುಡೀರಿ" ಅನ್ನುತ್ತೇವೆ. ಮನೆಯಲ್ಲಿ ನಾವು ಕುಡಿಯುವ ಲೋಟದಲ್ಲೇ ಕೊಡುತ್ತೇವೆ. ತುಂಗಾದಡ ಅವರೇ, ಜಗಲಿ ಖಂಡಿತ ಮಾಡಿಸಿ. ಅಲ್ಲಿ ಯಾರು ಕೂರಬಹುದು ಅನ್ನುವುದನ್ನೂ ಈಗಲೇ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಳ್ಳಿ.

ತುಂಗಾದಡ:
ಅಂಗಳದಂಚು ಅವರೇ, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಹಳೆ ಮನೆಯಲ್ಲೂ ಹಾಗೇ ಇತ್ತು ಅಂದರು. ತೋಟದ ಕೆಲಸಕ್ಕೆ ಬರುತ್ತಿದ್ದವರ ಹೆಸರು ಒಂದೊಂದಾಗಿ ಹೇಳಿದರು. ಈ ಮನೆಯಲ್ಲಿ ಹಾಗೆ ಆಗುವುದಿಲ್ಲ. ಬರೆದದ್ದಕ್ಕೆ ಋಣಿ.

ಉಳಿ ಬಾಚಿ:
ನಾನು ಮರಗೆಲಸದವನು. ಬಾಗಿಲಿನ ಬಗ್ಗೆಯೇ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲು ಮಲೆನಾಡಿನಲ್ಲಿ ಬಹಳ ಏಟು ತಿನ್ನುತ್ತದೆ. ಮುಂಗಾರು ಬೀಸುವುದೇ ನೈಋತ್ಯದಿಂದ. ಜೂನ್‌ನಿಂದ ಎರಚಲು ನೇರ ಬಾಗಿಲಿಗೆ ಹೊಡೆಯುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿನ ಹಳಬರು ಸೂರನ್ನು ಅಷ್ಟು ಕೆಳಗೆ ಇಳಿಸಿ, ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲ, ಆದರೂ ಜಗಲಿ ಐದು ಅಡಿ ಆಳ ಇದ್ದರೆ ಬಾಗಿಲು ಉಳಿಯುತ್ತದೆ. ಜಗಲಿ ಬಿಟ್ಟು ಬರೀ ಸಜ್ಜಾ ಹಾಕಿದರೆ ಐದಾರು ಮಳೆಗಾಲಕ್ಕೆ ಕೆಳಪಟ್ಟಿ ಕೊಳೆಯಲು ಶುರು.

ಮರ ತೇಗವೇ ಆಗಬೇಕು ಅಂತಿಲ್ಲ. ಹಲಸು ಚೆನ್ನಾಗಿರುತ್ತದೆ. ಹೊಸದರಲ್ಲಿ ಹಳದಿ, ಹೋಗ್ತಾ ಹೋಗ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊನ್ನೆಯೂ ಒಳ್ಳೆಯದು. ಮುಖ್ಯ ಏನೆಂದರೆ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ಬಾಗಿಲು ಬೇಸಿಗೆಯಲ್ಲಿ ಬಿರಿಯುತ್ತದೆ, ಆಷಾಢದಲ್ಲಿ ಉಬ್ಬಿ ಮುಚ್ಚಲು ಆಗುವುದಿಲ್ಲ. ಚೌಕಟ್ಟಿನ ಗೋಡೆಗೆ ತಾಗುವ ಮೈಗೆ, ನೆಲಕ್ಕೆ ತಾಗುವ ತುದಿಗೆ ಕೂರಿಸುವ ಮೊದಲೇ ಗೇರೆಣ್ಣೆ ಬಳಿಸಿ. ಗೆದ್ದಲು ಹತ್ತಿರ ಬರುವುದಿಲ್ಲ. ಕರಾವಳಿಯಲ್ಲಿ ದೋಣಿಗೂ ಅದನ್ನೇ ಬಳಿಯುವುದು. ಬಾಗಿಲು ನಿಲ್ಲಿಸುವ ಪೂಜೆ ಆದಮೇಲೆ ಇದಕ್ಕೆಲ್ಲ ಕೈ ಹೋಗುವುದಿಲ್ಲ.

ಅಮ್ಮ ಬಾಗಿಲಲ್ಲಿ ಕೂರುವವರಾದರೆ ಎರಡು ಪಡಿಯ ಬಾಗಿಲು ಮಾಡಿಸಿ. ನಾಲ್ಕು ಅಡಿ ಅಗಲ, ಒಂದೊಂದು ಪಡಿ ಎರಡು ಅಡಿ. ಹಗಲು ಒಂದು ಪಡಿ ತೆರೆದು ಒಂದು ಮುಚ್ಚಿಡಬಹುದು. ಗಾಳಿ ಬರುತ್ತದೆ, ಹೊರಗಿನದು ಕಾಣುತ್ತದೆ, ಮನೆಯೂ ಬಯಲಾಗುವುದಿಲ್ಲ. ಶಿಫ್ಟ್ ಡ್ಯೂಟಿ ಮೇಡಂಗೂ ಇದು ಒಗ್ಗಬಹುದು. ಒಂದೇ ಪಡಿಯ ಮೂರೂವರೆ ಅಡಿ ಬಾಗಿಲಿಗೆ ತೆಗೆ, ಇಲ್ಲ ಮುಚ್ಚು, ನಡುವೆ ಏನೂ ಇಲ್ಲ.

ಹೊಸ್ತಿಲು ಬೇಕು ಅಂದಿದ್ದಾರೆ ಸೋಣೆಹೂ ಅಕ್ಕ. ಅಮ್ಮನ ಮಂಡಿಗೂ ಆಗಬೇಕು. ಹಾಗಾಗಿ ತಗ್ಗಾಗಿ, ಅಗಲವಾಗಿ ಮಾಡೋಣ. ಐದು ಇಂಚು ಅಗಲ, ನೆಲದಿಂದ ಅರ್ಧ ಇಂಚು ಎತ್ತರ, ಎರಡೂ ಅಂಚು ಇಳಿಜಾರು. ಕಾಲು ಎಡವುವುದಿಲ್ಲ, ಗೆರೆ ಬರೆಯಲೂ ಜಾಗ ಇದೆ.

ಹಳೆ ಬಾಗಿಲು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮೊನ್ನೆ ಒಂದು ಮನೆ ಕೆಡವುವಾಗ ಸಿಕ್ಕ ಬಾಗಿಲು ಕೆರೆದೆ. ಮೇಲೆ ಹಸಿರು ಪೇಂಟು, ಅದರ ಕೆಳಗೆ ನೀಲಿ, ಅದರ ಕೆಳಗೆ ಬಿಳಿ ಬಣ್ಣದಲ್ಲಿ "ನಾಳೆ ಬಾ". 90ರ ದಶಕದಲ್ಲಿ ದೆವ್ವದ ಭಯಕ್ಕೆ ಊರೂರಲ್ಲಿ ಬರೆಯುತ್ತಿದ್ದರಲ್ಲ, ಅದು. ಒಳಗಿನ ಮರ ಮಾತ್ರ ಎಲ್ಲೂ ಹಾಳಾಗಿರಲಿಲ್ಲ. ಹಳೆ ಬಾಗಿಲು ಹೇಗಿರುತ್ತಿತ್ತು ಅಂತ ನೋಡಬೇಕಾದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ ಬನ್ನಿ. ಬೇರೆ ಬೇರೆ ಊರುಗಳಲ್ಲಿ ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅಗುಳಿ, ಚಿಲಕ, ಕೆತ್ತನೆ ಹತ್ತಿರದಿಂದ ನೋಡಬಹುದು. ನಾನು ಹೋದರೆ ಒಂದೊಂದು ಬಾಗಿಲ ಮುಂದೆಯೇ ನಿಂತುಬಿಡುತ್ತೇನೆ.

ದೂರದ ಬಾಗಿಲು:
ಶಿಕಾಗೋ ಹತ್ತಿರ ಇದ್ದೇವೆ. ಇಲ್ಲಿ ಬಾಗಿಲ ಮುಂದೆ ಮೆಟ್ಟಿಲು, ಹುಲ್ಲು, ಆಚೆ ರಸ್ತೆ. ಎಲ್ಲವೂ ತೆರೆದೇ ಇದೆ, ಕಾಂಪೌಂಡೇ ಇಲ್ಲ. ಆದರೆ ಡಿಸೆಂಬರಿನಿಂದ ಮಾರ್ಚ್ ತನಕ ಬಾಗಿಲು ತೆಗೆದರೆ ಹಿಮ. ತುಳಸಿ ಒಳಗೆ ಕಿಟಕಿ ಪಕ್ಕ ಇರುತ್ತದೆ. ಯುಗಾದಿ ಹೊತ್ತಿಗೆ ಇಂಡಿಯನ್ ಅಂಗಡಿಗೆ ಮಾವಿನೆಲೆ ಬರುತ್ತದೆ, ಮೊದಲು ಹೋದವರಿಗೆ ಸಿಗುತ್ತದೆ. ಮನೆಯವರು ಗ್ಯಾರೇಜಿನಿಂದಲೇ ಓಡಾಡುವುದರಿಂದ ಮುಂಬಾಗಿಲು ತೆರೆಯುವುದು ಪಾರ್ಸೆಲ್ ಬಂದಾಗ ಮಾತ್ರ. ನೀವು ಕಾರನ್ನು ಪಕ್ಕಕ್ಕೆ ತಳ್ಳಿ ಬಾಗಿಲನ್ನು ಮುಂದೆ ತಂದರೆ ಅದೇ ದೊಡ್ಡ ಲಾಭ.

ತುಂಗಾದಡ:
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಎಂಜಿನಿಯರ್ ಜೊತೆ ಮತ್ತೆ ಕೂತು ಪ್ಲಾನ್ ಬದಲಾಯಿಸಿದೆವು. ಕಾರು ದಕ್ಷಿಣದ ಮೂಲೆಗೆ ಹೋಯಿತು. 14x5 ಜಗಲಿ ಬಂತು. ಬಾಗಿಲು ಪಶ್ಚಿಮಕ್ಕೆ, ಎರಡು ಪಡಿ, ಹಲಸಿನ ಮರ. ಜಗಲಿಯ ಮೂಲೆಯಲ್ಲಿ ತುಳಸಿಕಟ್ಟೆ, ಗೇಟಿನ ಪಕ್ಕ ಹೊಂಗೆ. ನೆಲಕ್ಕೆ ಒರಟು ಕಲ್ಲು. ಚೌಕಟ್ಟಿಗೆ ಮೂರು ಕೊಕ್ಕೆ ಅಂತ ಪ್ಲಾನಿನ ಮೇಲೇ ಬರೆಸಿದ್ದೇನೆ. ಹಾಲ್ ಚಿಕ್ಕದಾಯಿತು ಅಂತ ಮನೆಯವರಿಗೆ ಸ್ವಲ್ಪ ಬೇಸರ ಇದೆ, ಆದರೂ ಒಪ್ಪಿದ್ದಾರೆ. ವಾಸ್ತು ನೋಡಿದವರು ಒಪ್ಪಿಲ್ಲ. ಅಮ್ಮನೇ "ಪರವಾಗಿಲ್ಲ, ನಾನು ಕೂರೋದು ಅಲ್ವಾ" ಅಂದುಬಿಟ್ಟರು.

ಪ್ಲಿಂತ್ ಬೀಮ್ ಅವರೇ, ಎರಡು ಪ್ರಶ್ನೆ ಉಳಿದಿವೆ. ಪಾಯ ಎರಡು ಅಡಿ ಎತ್ತರ ಇಟ್ಟರೆ ಅಮ್ಮ ಹತ್ತುವುದು ಹೇಗೆ? ಮುಂದೆ ಗಾಲಿಕುರ್ಚಿ ಬೇಕಾಗಿ ಬಂದರೆ? ಮತ್ತೆ ಕೂರುವ ಕಟ್ಟೆ ಎಷ್ಟು ಎತ್ತರ ಇರಬೇಕು?

ಪ್ಲಿಂತ್ ಬೀಮ್:
ಒಳ್ಳೆ ಕೆಲಸ ಮಾಡಿದಿರಿ ಸರ್.

ಇಳಿಜಾರಿಗೆ 1:12 ಲೆಕ್ಕ ಹಿಡಿಯಿರಿ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಎರಡು ಅಡಿಗೆ 24 ಅಡಿ, ಅದು ನಿಮ್ಮ ಮುಂಭಾಗದಲ್ಲಿ ಒಂದೇ ಸಲಕ್ಕೆ ಕೂರುವುದಿಲ್ಲ. ಹಾಗಾಗಿ ಎರಡು ಭಾಗ ಮಾಡಿ. ಕಾರು ನಿಲ್ಲುವ ಜಾಗವೇ ಗೇಟಿನಿಂದ ಒಳಗೆ 16 ಅಡಿಯಲ್ಲಿ ಒಂದು ಅಡಿ ಏರಲಿ. ಕಾರಿಗೆ ಅದು ಲೆಕ್ಕಕ್ಕೇ ಇಲ್ಲ, ರಸ್ತೆ ನೀರೂ ಒಳಗೆ ಬರುವುದಿಲ್ಲ. ಉಳಿದ ಒಂದು ಅಡಿಗೆ ಆರಾರು ಇಂಚಿನ ಎರಡು ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಸ್ಟೀಲ್ ಕಂಬಿ. ಕಾರಿನ ಜಾಗದ ಮೇಲ್ತುದಿಯಿಂದ ಜಗಲಿಯ ಮುಂದೆ ಅಡ್ಡಕ್ಕೆ ಮೂರು ಅಡಿ ಅಗಲದ ಪಟ್ಟಿ ಖಾಲಿ ಬಿಟ್ಟಿರಿ. ಬೇಕಾದಾಗ 12 ಅಡಿ ಇಳಿಜಾರು ಅಲ್ಲಿ ಕಟ್ಟಬಹುದು, ನಿಮ್ಮ 14 ಅಡಿಯಲ್ಲಿ ಸರಿಯಾಗಿ ಹಿಡಿಸುತ್ತದೆ. ಈಗ ಆ ಪಟ್ಟಿಯಲ್ಲಿ ದಾಸವಾಳ, ನಂದಿಬಟ್ಟಲು ಹಾಕಿಕೊಳ್ಳಿ.

ಕೂರುವ ಕಟ್ಟೆ ಒಂದೂವರೆ ಅಡಿ ಎತ್ತರ, ಎರಡು ಅಡಿ ಆಳ. ಮಂಡಿ ನೋವಿರುವುದರಿಂದ ಅದಕ್ಕಿಂತ ತಗ್ಗು ಮಾಡಬೇಡಿ, ಏಳುವಾಗ ಕಷ್ಟ. ಅಮ್ಮನಿಗೆ ಬೆನ್ನು ಆನಿಸಲು ಗೋಡೆ ಇರುವ ಕಡೆ ಕಟ್ಟೆ ಬರಲಿ. ಮುಖ ರಸ್ತೆಗೆ ಓರೆಯಾಗಿರಲಿ, ನೇರ ಇದ್ದರೆ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಜಗಲಿಯ ನೆಲಕ್ಕೆ ಹೊರಗಡೆಗೆ ಐದು ಅಡಿಗೆ ಮುಕ್ಕಾಲು ಇಂಚು ವಾಟ ಕೊಡಲು ಮೇಸ್ತ್ರಿಗೆ ಹೇಳಿ. ಮೇಲಿನ ಸ್ಲ್ಯಾಬಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ತೆಗೆಸಿ. ಇಲ್ಲದಿದ್ದರೆ ಮಳೆ ನೀರು ಸ್ಲ್ಯಾಬಿನ ಕೆಳಮೈ ಹಿಡಿದುಕೊಂಡು ಒಳಗೆ ಬಂದು ಚೌಕಟ್ಟಿನ ಮೇಲೇ ತೊಟ್ಟಿಕ್ಕುತ್ತದೆ. ಪ್ಲಾಸ್ಟರಿಂಗ್ ಮುಗಿದ ಮೇಲೆ ಇದನ್ನು ಮಾಡಲು ಆಗುವುದಿಲ್ಲ, ಸೆಂಟ್ರಿಂಗ್ ಹೊಡೆಯುವಾಗಲೇ ಪಟ್ಟಿ ಇಡಬೇಕು. ಆ ದಿನ ನೀವೇ ಹೋಗಿ ನಿಂತು ನೋಡಿ.